ಬಿದ್ದ ಮರಕ್ಕೂ ಒಂದು ಪೋಸ್ಟ್‌ಮಾರ್ಟಂ ಬೇಕು

ಮರ ಬೀಳಿಸುವ ಗಾಳಿಗೆ ಒಂದೊಂದು ಊರಿನಲ್ಲಿ ಒಂದೊಂದು ಕಾಲ. ಇಂಗ್ಲೆಂಡ್, ಜರ್ಮನಿಯಲ್ಲಿರುವ ಕನ್ನಡಿಗರನ್ನು ಕೇಳಿದರೆ ಚಳಿಗಾಲದ ಬಿರುಗಾಳಿ ಎನ್ನುತ್ತಾರೆ. ಚೆನ್ನೈನವರಿಗೆ ಅದು ನವೆಂಬರ್-ಡಿಸೆಂಬರಿನ ಚಂಡಮಾರುತ. ಹೈದರಾಬಾದಿನಲ್ಲಿರುವ ನಮಗೆ ಚಳಿಗಾಲ ಅತ್ಯಂತ ಸುಖದ ಕಾಲ, ಆಗ ಎಲೆಯೂ ಅಲುಗಾಡುವುದಿಲ್ಲ. ನಮ್ಮ ಬಿರುಗಾಳಿ ಬರುವುದು ಏಪ್ರಿಲ್-ಮೇ ತಿಂಗಳಿನಲ್ಲಿ. ಊರಲ್ಲಿ ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಹೆಸರು ಹಿಡಿದು ಕರೆಯುವ ಮಳೆಗಳ ಜೊತೆಗೆ.

ಅದರ ರೀತಿ ಇಲ್ಲಿ ಎರಡು ಬೇಸಿಗೆ ಕಳೆದವರಿಗೆಲ್ಲ ಗೊತ್ತು. ಮಧ್ಯಾಹ್ನ ನಲವತ್ತರ ಮೇಲಿನ ಬಿಸಿಲು. ನಾಲ್ಕೂವರೆಗೆ ಒಂದು ಕಡೆಯಿಂದ ಕಪ್ಪು ಮೋಡ ಏಳುತ್ತದೆ. ಮೋಡದ ಹೊಟ್ಟೆಯೊಳಗೆ ಮಳೆ, ಆಲಿಕಲ್ಲುಗಳಿಂದ ತಣ್ಣಗಾದ ಗಾಳಿ ಭಾರವಾಗಿ ಧೊಪ್ಪನೆ ನೆಲಕ್ಕೆ ಇಳಿಯುತ್ತದೆ. ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮೊದಲು ಧೂಳು, ಆಮೇಲೆ ಗಾಳಿ, ಅದರ ಹಿಂದೆ ಮಳೆ. ಎಲ್ಲ ಸೇರಿ ಮುಕ್ಕಾಲು ಗಂಟೆಯ ಆಟ. ಅಷ್ಟರಲ್ಲಿ ಕರೆಂಟು ಹೋಗಿರುತ್ತದೆ, ರಸ್ತೆಗೆ ಅಡ್ಡಲಾಗಿ ಮರ ಬಿದ್ದಿರುತ್ತದೆ, ಯಾರದೋ ಕಾರಿನ ಮೇಲೆ ಕೊಂಬೆ ಕೂತಿರುತ್ತದೆ. 2024ರ ಮೇ 26ರಂದು ಇಂಥದೇ ಗಾಳಿಮಳೆ ತೆಲಂಗಾಣದಲ್ಲಿ ಹತ್ತಕ್ಕೂ ಹೆಚ್ಚು ಜನರ ಜೀವ ತೆಗೆದಿತ್ತು. ಹಾಗಾಗಿ ಇದು ಹೂವು, ನೆರಳು, ಹಕ್ಕಿಗಳ ಬಗೆಗಿನ ಭಾವುಕ ಬರಹವಲ್ಲ. ಮರ ಬಿದ್ದರೆ ಜನ ಸಾಯುತ್ತಾರೆ ಎಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತು.

ನಾನಿರುವುದು ಬೇಗಂಪೇಟೆಯಲ್ಲಿ. ಇಡೀ ಹೈದರಾಬಾದಿನ ಹವೆಯ ಲೆಕ್ಕ ಇಡುವ ಹವಾಮಾನ ಇಲಾಖೆಯ ಕೇಂದ್ರ ಇರುವುದೂ ಇಲ್ಲೇ, 2008ರ ಮಾರ್ಚ್‌ನಲ್ಲಿ ಪ್ರಯಾಣಿಕರ ವಿಮಾನ ನಿಂತುಹೋದ ಹಳೇ ವಿಮಾನ ನಿಲ್ದಾಣದ ಆವರಣದಲ್ಲಿ. ಗಾಳಿಯ ವೇಗ ಎಷ್ಟಿತ್ತು, ದಿಕ್ಕು ಯಾವುದು, ಮಳೆ ಎಷ್ಟು ಮಿಲಿಮೀಟರ್ ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಆದರೆ ಅದೇ ಗಾಳಿಗೆ ಕೂಗಳತೆಯ ದೂರದಲ್ಲಿ ಬಿದ್ದ ಮರದ ಬಗ್ಗೆ ಏನು ದಾಖಲಾಗುತ್ತದೆ? ದೂರು ಬಂದ ಸಮಯ, ತೆರವು ಮಾಡಿದ ಸಮಯ. ಅಷ್ಟೇ. ಯಾವ ಜಾತಿಯ ಮರ, ಎಷ್ಟು ವಯಸ್ಸು, ಬುಡ ಮೇಲಾಗಿ ಬಿತ್ತೋ, ನಡುವೆ ಮುರಿಯಿತೋ, ಬೇರು ಹೇಗಿತ್ತು ಎಂದು ಬರೆದಿಡುವ ವಾಡಿಕೆ ಕಾಣಿಸುವುದಿಲ್ಲ.

ತೆರವು ಮಾಡುವವರ ಬಗ್ಗೆ ನನಗೆ ಗೌರವವಿದೆ. ಸುರಿಯುವ ಮಳೆಯಲ್ಲಿ, ಕತ್ತಲೆಯಲ್ಲಿ, ವಿದ್ಯುತ್ ತಂತಿಗಳ ನಡುವೆ ಗರಗಸ ಹಿಡಿದು ನಿಲ್ಲುವುದು ಸುಲಭದ ಕೆಲಸವಲ್ಲ. ರಾತ್ರಿ ಬಿದ್ದ ಮರ ಬೆಳಿಗ್ಗೆ ಆಫೀಸಿಗೆ ಹೊರಡುವಷ್ಟರಲ್ಲಿ ತುಂಡುಗಳಾಗಿ ಲಾರಿ ಹತ್ತಿರುತ್ತದೆ. ನಾವು ಖುಷಿಯಾಗಿ ಗಾಡಿ ಓಡಿಸಿಕೊಂಡು ಹೋಗುತ್ತೇವೆ. ಆದರೆ ಆ ಲಾರಿಯಲ್ಲಿ ಮರದ ಜೊತೆ ಸಾಕ್ಷ್ಯವೂ ಹೋಗಿರುತ್ತದೆ. ಮರ ಯಾಕೆ ಬಿತ್ತು ಎಂದು ಹೇಳಬಲ್ಲ ಬೇರಿನ ಗಡ್ಡೆ ಮೊದಲು ಹೋಗುತ್ತದೆ. ಎರಡು ದಿನದಲ್ಲಿ ಹಳ್ಳ ಮುಚ್ಚಿ ಟೈಲ್ಸ್ ಹಾಕಿದರೆ ಅಲ್ಲೊಂದು ಮರ ಇತ್ತೆಂಬ ಗುರುತೂ ಉಳಿಯುವುದಿಲ್ಲ.

ನಾವು ಸಾಫ್ಟ್‌ವೇರ್‌ನವರು ಇದನ್ನು ನೋಡಿ ಬೆರಗಾಗಬೇಕು. ನಮ್ಮ ಕಸುಬಿನಲ್ಲಿ ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಮೊದಲು ಅದನ್ನು ಎಬ್ಬಿಸುತ್ತೇವೆ, ಸರಿ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಮರುದಿನ ಎಲ್ಲರೂ ಕೂತು ಪೋಸ್ಟ್‌ಮಾರ್ಟಂ ಬರೆಯುತ್ತೇವೆ. ಲಾಗ್ ತೆಗೆದು ನೋಡುತ್ತೇವೆ. ಯಾರನ್ನೂ ಬೈಯುವುದಕ್ಕಲ್ಲ, ಮುಂದಿನ ಸಲ ಬೀಳದಿರಲಿ ಎಂದು. ಇದಕ್ಕೆ ನಾವಿಟ್ಟ ಹೆಸರು ‘ರೂಟ್ ಕಾಸ್ ಅನಾಲಿಸಿಸ್’, ಬೇರಿನವರೆಗೆ ಹೋಗಿ ಕಾರಣ ಹುಡುಕುವುದು. ಯಂತ್ರಕ್ಕೆ ಬೇರಿಲ್ಲ, ಆದರೂ ಅದರ ಬೇರು ಹುಡುಕುತ್ತೇವೆ. ನಿಜವಾಗಿ ಬೇರಿರುವ ಮರ ಬಿದ್ದಾಗ ಮಾತ್ರ ‘ಜೋರು ಗಾಳಿ ಇತ್ತು, ಬಿತ್ತು’ ಎಂದು ಕಡತ ಮುಚ್ಚುತ್ತೇವೆ. ಗಾಳಿ ಕಾರಣವಾಗಿದ್ದರೆ ಆ ಬೀದಿಯ ಎಲ್ಲ ಮರಗಳೂ ಬೀಳಬೇಕಿತ್ತಲ್ಲ?

ಈ ಬೇಸಿಗೆಯ ಒಂದು ಗಾಳಿಗೆ ನಮ್ಮ ಬಡಾವಣೆಯ ಪುಟ್ಟ ಪಾರ್ಕಿನಲ್ಲಿ ಮೂರು ಮರ ಬಿದ್ದವು. ಒಂದು ಗುಲ್‌ಮೊಹರ್, ಒಂದು ಮಳೆಮರ, ಇನ್ನೊಂದು ಹಳದಿ ಹೂವಿನ ಪೆಲ್ಟೋಫೋರಂ. ಬೇವು, ಹೊಂಗೆ, ನೇರಳೆ ಸೇರಿ ಹನ್ನೊಂದು ನಿಂತಿವೆ. ಪಾರ್ಕಿನ ಮಾಲಿ ಕೃಷ್ಣಾ ಮಂಡಲದವರು. ರಾಯಚೂರಿನಿಂದ ನದಿ ದಾಟಿದರೆ ಸಿಗುವ ತೆಲಂಗಾಣದ ಗಡಿ ಅದು, ಅಲ್ಲಿ ಈಗಲೂ ಕನ್ನಡ ಶಾಲೆಗಳಿವೆ. ನಾನು ಕನ್ನಡದವನೆಂದು ಗೊತ್ತಾದ ದಿನದಿಂದ ನಮ್ಮ ಮಾತು ಕನ್ನಡದಲ್ಲೇ. ಬಿದ್ದ ಮಳೆಮರದ ಬುಡ ತೋರಿಸಿ ಅವರು ಹೇಳಿದರು: “ಗಾಳಿ ಏನ್ ಮಾಡ್ತದ್ರೀ ಸರ? ಹೋದ ವರ್ಷನ ಅದರ ಕಾಲು ಕಡದಿದ್ರು. ಇವತ್ತು ಬಿತ್ತು, ಅಷ್ಟ.”

ಬಗ್ಗಿ ನೋಡಿದರೆ ವಿಷಯ ಸ್ಪಷ್ಟವಿತ್ತು. ಬೇರಿನ ಗಡ್ಡೆಯ ಒಂದು ಮಗ್ಗುಲು ಹರಿದ ಹಗ್ಗದಂತೆ ನಾರುನಾರಾಗಿತ್ತು. ಅದು ಗಾಳಿಗೆ ಕಿತ್ತು ಬಂದದ್ದು. ಇನ್ನೊಂದು ಮಗ್ಗುಲಿನಲ್ಲಿ ತೊಡೆ ಗಾತ್ರದ ಎರಡು ಬೇರುಗಳು ನೇರ ಗೆರೆ ಹೊಡೆದ ಹಾಗೆ ತುಂಡಾಗಿ, ತುದಿ ಕಪ್ಪಾಗಿ ಕೊಳೆತಿದ್ದವು. ಅದು ಗಾಳಿಯ ಕೆಲಸವಲ್ಲ, ಜೆಸಿಬಿಯದು. ಹಿಂದಿನ ವರ್ಷ ಪೈಪು ಹಾಕಲು ಆ ಕಡೆ ಕಾಲುವೆ ತೋಡಿದ್ದರು. ಯಾವ ಇಲಾಖೆ, ಯಾವ ಗುತ್ತಿಗೆದಾರರು ಎಂಬುದು ಇಲ್ಲಿ ಮುಖ್ಯವಲ್ಲ. ಈ ದೇಶದ ಯಾವ ಊರಿನಲ್ಲಾದರೂ ಯಾರಾದರೂ ಮಾಡುವ ಕೆಲಸವೇ ಅದು. ಗುಲ್‌ಮೊಹರ್‌ನದು ಬೇರೆ ಕಥೆ. ತಂತಿಗೆ ತಾಗುತ್ತದೆಂದು ವರ್ಷ ವರ್ಷ ರಸ್ತೆ ಬದಿಯ ಕೊಂಬೆಗಳನ್ನೇ ಕಡಿದು ಇಡೀ ಭಾರ ಒಂದೇ ಕಡೆ ವಾಲಿತ್ತು. ಪೆಲ್ಟೋಫೋರಂ ನಡುವೆ ಮುರಿದಿತ್ತು, ಒಳಗೆ ಟೊಳ್ಳು. ಮೂರು ಮರ, ಒಂದೇ ಗಾಳಿ, ಮೂರು ಬೇರೆ ಬೇರೆ ಕಾರಣ. ಇವನ್ನು ತಿಳಿಯಲು ಬೇಕಾದದ್ದು ಹದಿನೈದು ನಿಮಿಷ ಮತ್ತು ಒಂದು ಮೊಬೈಲ್ ಕ್ಯಾಮೆರಾ.

ಆದರೆ ಆ ವಾರವೇ ನಡೆದ ನಿವಾಸಿಗಳ ಸಭೆಯಲ್ಲಿ ಚರ್ಚೆಗೆ ಬಂದದ್ದು ಕಾರಣವಲ್ಲ, ಉಳಿದ ಹನ್ನೊಂದು ಮರ. ‘ಮೂರು ಬಿದ್ದಿವೆ, ಇವೂ ಬೀಳುತ್ತವೆ, ಮಕ್ಕಳು ಆಡುವ ಜಾಗ, ತೆಗೆಸಿಬಿಡೋಣ’ ಎಂದು ಪ್ರಸ್ತಾಪ. ಹೇಳಿದವರು ಮರದ್ವೇಷಿಗಳೇನಲ್ಲ. ಒಬ್ಬರ ಕಾರು ಜಖಂ ಆಗಿತ್ತು. ಇನ್ನೊಬ್ಬರ ಮಗಳು ಗಾಳಿ ಬರುವ ಐದು ನಿಮಿಷ ಮೊದಲು ಆ ಮರದ ಕೆಳಗೇ ಸೈಕಲ್ ಹೊಡೆಯುತ್ತಿದ್ದಳು. ಅವರ ಭಯ ನಿಜವಾದದ್ದು. ಅದೇ ಸಭೆಯಲ್ಲಿ ಇನ್ನೊಂದು ದನಿಯೂ ಇತ್ತು: ಮರ ಹೋದರೆ ಅಲ್ಲಿ ಎಂಟು ಕಾರು ನಿಲ್ಲಿಸಬಹುದು. ಗಾಳಿ ಬಂದಾಗ ತೂರಿಕೋ ಎನ್ನುವ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸುವವರನ್ನು ನಾನು ನೋಡಿರಲಿಲ್ಲ. ಅವಿಭಜಿತ ಆಂಧ್ರದ 2002ರ ‘ವಾಲ್ಟಾ’ ಅಂದರೆ ಜಲ, ನೆಲ, ವೃಕ್ಷ ಕಾಯ್ದೆ ತೆಲಂಗಾಣದಲ್ಲೂ ಜಾರಿಯಲ್ಲಿದೆ, ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ ಎಂದು ಹೇಳಿದ ಮೇಲೆ ವಿಷಯ ಸದ್ಯಕ್ಕೆ ಮುಂದಕ್ಕೆ ಹೋಗಿದೆ. ಮುಗಿದಿಲ್ಲ. ಅರ್ಜಿ ಹಾಕಲು ಸಹಿ ಸಂಗ್ರಹ ನಡೆಯುತ್ತಿದೆ.

ಈ ಲೇಖನದ ವಾದ ಇಷ್ಟೇ. ಮರ ಯಾಕೆ ಬಿತ್ತು ಎಂಬುದನ್ನು ದಾಖಲಿಸದಿದ್ದರೆ ಎಲ್ಲ ಮರಗಳೂ ಅಪರಾಧಿಗಳಾಗುತ್ತವೆ. ಆಗ ಅಪಾಯದ ಮರ ಉಳಿದು ಗಟ್ಟಿ ಮರ ಹೋಗುವ ಸಾಧ್ಯತೆಯೂ ಅಷ್ಟೇ ಇರುತ್ತದೆ. ಜನರ ಜೀವಕ್ಕೂ ಅದರಿಂದ ರಕ್ಷಣೆ ಸಿಗುವುದಿಲ್ಲ.

ಮರ ನಿಲ್ಲುವುದು ಹೇಗೆ ಎಂಬ ಬಗ್ಗೆಯೇ ನಮ್ಮಲ್ಲಿ ತಪ್ಪು ಕಲ್ಪನೆ ಇದೆ. ಮೇಲೆ ಎಷ್ಟು ಎತ್ತರವೋ ಕೆಳಗೆ ಅಷ್ಟು ಆಳ ತಾಯಿಬೇರು ಇಳಿದಿರುತ್ತದೆ ಎಂದು ಶಾಲೆಯ ಚಿತ್ರ ನೋಡಿ ನಂಬಿದ್ದೇವೆ. ದೊಡ್ಡ ಮರಗಳ ಬಹುಪಾಲು ಬೇರುಗಳು ಮೇಲಿನ ಒಂದು ಮೀಟರ್ ಮಣ್ಣಿನಲ್ಲೇ ಇರುತ್ತವೆ. ಆಳಕ್ಕಿಂತ ಅಗಲಕ್ಕೆ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಮರವನ್ನು ನೆಲಕ್ಕೆ ಹೊಡೆದ ಮೊಳೆಯಂತೆ ಊಹಿಸಿಕೊಳ್ಳಬೇಡಿ, ಅಗಲ ಪಾದದ ವೈನ್ ಗ್ಲಾಸಿನಂತೆ ಊಹಿಸಿಕೊಳ್ಳಿ. ಪಾದದ ಒಂದು ಬದಿ ಒಡೆದರೆ ಗ್ಲಾಸು ಯಾವ ಕಡೆಗೆ ಉರುಳುತ್ತದೆ ಎಂದು ಹೇಳಬೇಕಿಲ್ಲ. ಇನ್ನು ಗಾಳಿಯ ಲೆಕ್ಕ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ಗಾಳಿಯಲ್ಲಿ ಆರಾಮಾಗಿ ತೂಗುವ ಮರ 80ರ ಗಾಳಿಯಲ್ಲಿ ನಾಲ್ಕು ಪಟ್ಟು ಹೊರೆ ಹೊರಬೇಕು, ಅದೂ ಅರ್ಧ ಪಾದದ ಮೇಲೆ ನಿಂತು.

ನಮ್ಮ ಮನೆಯಲ್ಲಿ ಎಂಜಿನಿಯರಿಂಗ್ ಓದಿದವನು ನಾನೊಬ್ಬನೇ, ಆದರೆ ಈ ಸಂಗತಿ ಅಪ್ಪನಿಗೆ ಮೊದಲೇ ಗೊತ್ತು. ತಿಪಟೂರು ಸೀಮೆಯ ತೆಂಗಿನ ತೋಟದವರು. ಮರದ ಬುಡದ ಸುತ್ತ ಪಾತಿಯಷ್ಟು ಜಾಗಕ್ಕೆ ಟ್ರ್ಯಾಕ್ಟರ್ ಹೋಗಲು ಬಿಡುವುದಿಲ್ಲ. ‘ಮಣ್ಣು ಸಡಿಲ ಇದ್ದರೆ ಬೇರು ಓಡಾಡುತ್ತೆ, ಗಟ್ಟಿಯಾದರೆ ಅಲ್ಲೇ ಸುತ್ತುತ್ತೆ’ ಎನ್ನುತ್ತಾರೆ. ನಗರದಲ್ಲಿ ನಾವು ಮಾಡುವುದು ಇದರ ನೇರ ವಿರುದ್ಧ. ಮೊದಲೇ ಹೈದರಾಬಾದ್ ಬಂಡೆಯ ಮೇಲೆ ಕೂತ ಊರು. ಅನೇಕ ಕಡೆ ಒಂದೆರಡು ಅಡಿ ಕೆಂಪು ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಗ್ರಾನೈಟ್. ಇದ್ದ ಅಷ್ಟು ಮಣ್ಣಿನ ಮೇಲೆ ಕಾಂಕ್ರೀಟ್ ಸುರಿದು, ಪೇವರ್ ಟೈಲ್ಸ್ ಕೂರಿಸಿ, ಕಾಂಡಕ್ಕೆ ಅಂಟಿಕೊಂಡಂತೆ ಕಟ್ಟೆ ಕಟ್ಟುತ್ತೇವೆ. ನೀರಿಲ್ಲ, ಗಾಳಿಯಾಡುವುದಿಲ್ಲ, ಬೇರು ಚಾಚಲು ಜಾಗವಿಲ್ಲ. ಮರದ ಸುತ್ತ ಕನಿಷ್ಠ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಪ್ರಕರಣವೊಂದರಲ್ಲಿ 2013ರಲ್ಲೇ ಆದೇಶಿಸಿದೆ. ನಿಮ್ಮ ಬೀದಿಯ ಮರಗಳ ಬುಡ ಒಮ್ಮೆ ನೋಡಿ ಬನ್ನಿ. ಒಂದು ಮೀಟರ್ ಬಿಡಿ, ಒಂದು ಗೇಣು ಮಣ್ಣು ಕಂಡರೆ ಪುಣ್ಯ.

ಬಿರುಗಾಳಿಯಿಂದಲೇ ಪಾಠ ಕಲಿತವರ ಉದಾಹರಣೆ ಒಂದಿದೆ. 1987ರ ಅಕ್ಟೋಬರ್ 15-16ರ ರಾತ್ರಿ ಇಂಗ್ಲೆಂಡಿನ ದಕ್ಷಿಣ ಭಾಗಕ್ಕೆ ಬಡಿದ ಬಿರುಗಾಳಿಗೆ ಅಂದಾಜು ಒಂದೂವರೆ ಕೋಟಿ ಮರಗಳು ಬಿದ್ದವು. ಲಂಡನ್ನಿನ ಪ್ರಖ್ಯಾತ ಕ್ಯೂ ಸಸ್ಯೋದ್ಯಾನ ಒಂದೇ ರಾತ್ರಿ ಸುಮಾರು 700 ಮರ ಕಳೆದುಕೊಂಡಿತು. ಅಲ್ಲಿನ ವಿಜ್ಞಾನಿಗಳು ಅಳುತ್ತಾ ಕೂರಲಿಲ್ಲ. ಇಷ್ಟೊಂದು ಮರಗಳ ಬೇರು ಒಟ್ಟಿಗೆ ಕಣ್ಣಿಗೆ ಬೀಳುವ ಅವಕಾಶ ಮತ್ತೆ ಬರುವುದಿಲ್ಲವೆಂದು ಸಮೀಕ್ಷೆಗಿಳಿದರು. ಸಾರ್ವಜನಿಕರಿಗೂ ಫಾರಂ ಕೊಟ್ಟು, ಬಿದ್ದ ಮರಗಳ ಬೇರಿನ ಆಳ, ಅಗಲ, ಮಣ್ಣಿನ ಬಗೆ ತುಂಬಿ ಕಳಿಸಲು ಕೇಳಿಕೊಂಡರು. ಎರಡು ಮೀಟರಿಗಿಂತ ಆಳದ ಬೇರಿನ ಗಡ್ಡೆ ಬಹಳ ಅಪರೂಪ ಎಂಬುದು ಆ ಲೆಕ್ಕದಿಂದ ತಿಳಿಯಿತು.

ಅದೇ ಕ್ಯೂ ಉದ್ಯಾನದಲ್ಲಿ ‘ಟರ್ನರ್ಸ್ ಓಕ್’ ಎಂಬ ಹದಿನೆಂಟನೇ ಶತಮಾನದ ಕೊನೆಯ ಮರವಿದೆ. ಬಿರುಗಾಳಿಗೆ ಮೊದಲೇ ಅದು ಸೊರಗಿತ್ತು. ಆ ರಾತ್ರಿ ಗಾಳಿ ಅದನ್ನು ಬೇರುಸಹಿತ ಎತ್ತಿ ಮತ್ತೆ ಅದೇ ಹಳ್ಳದಲ್ಲಿ ಕೂರಿಸಿತು. ಹೇಗೂ ಸಾಯುವ ಮರ, ಆಮೇಲೆ ಕಡಿದರಾಯಿತು ಎಂದು ಕಂಬ ಊರಿ ಬಿಟ್ಟರು. ಮೂರು ವರ್ಷದ ಬಳಿಕ ನೋಡಿದರೆ ಮರ ಹಿಂದೆಂದಿಗಿಂತ ಸೊಂಪಾಗಿ ಚಿಗುರಿತ್ತು. ಕಾರಣ ಹುಡುಕಿದಾಗ ಗೊತ್ತಾಯಿತು: ದಶಕಗಳ ಕಾಲ ಪ್ರವಾಸಿಗರು ತುಳಿದು ತುಳಿದು ಬುಡದ ಮಣ್ಣು ಗಟ್ಟಿಯಾಗಿತ್ತು, ಗಾಳಿ ಅದನ್ನು ಅಲುಗಿಸಿ ಸಡಿಲ ಮಾಡಿತ್ತು. ಅಂದಿನಿಂದ ಅಲ್ಲಿ ಹಳೆಯ ಮರಗಳ ಬುಡದ ಮಣ್ಣಿಗೆ ಯಂತ್ರದಿಂದ ಗಾಳಿ ಹಾಯಿಸಿ ಸಡಿಲಗೊಳಿಸುವ ಪದ್ಧತಿ ಬಂತು. ತಿಪಟೂರಿನ ತೋಟದ ಮಾತನ್ನು ಅವರು ಒಂದು ಬಿರುಗಾಳಿಯಿಂದ ಕಲಿತರು. ಕಲಿತದ್ದನ್ನು ಬರೆದಿಟ್ಟರು ಎಂಬುದು ಮುಖ್ಯ.

ನಮ್ಮಲ್ಲಿ ಬಿರುಗಾಳಿಗೇನೂ ಕೊರತೆಯಿಲ್ಲ. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಚೆನ್ನೈಗೆ ಅಪ್ಪಳಿಸಿದಾಗ ಸಾವಿರಾರು ಮರಗಳು ಒಂದೇ ದಿನ ನೆಲಕಚ್ಚಿದವು. ಗುಲ್‌ಮೊಹರ್, ಮಳೆಮರದಂಥ ಹೊರಗಿನಿಂದ ಬಂದ ಜಾತಿಗಳೇ ಹೆಚ್ಚು ಬಿದ್ದವೆಂಬ ಚರ್ಚೆ ಆಗ ಜೋರಾಗಿ ನಡೆಯಿತು. ನಮ್ಮ ರಾಜ್ಯದಲ್ಲೇ, ಅಂದರೆ ಈಗ ನಾನಿರುವ ತೆಲಂಗಾಣದ ಮುಲುಗು ಜಿಲ್ಲೆಯಲ್ಲಿ, 2024ರ ಆಗಸ್ಟ್ 31ರಂದು ಬೀಸಿದ ಗಾಳಿಗೆ ತಾಡ್ವಾಯಿ-ಮೇಡಾರಂ ಕಾಡಿನ ಸುಮಾರು 500 ಎಕರೆಯಲ್ಲಿ 50 ಸಾವಿರದಷ್ಟು ಮರಗಳು ಉರುಳಿದವೆಂದು ಅರಣ್ಯ ಇಲಾಖೆ ಅಂದಾಜಿಸಿತು. ಅಲ್ಲಿ ಜೆಸಿಬಿಯೂ ಇರಲಿಲ್ಲ, ಕಾಂಕ್ರೀಟೂ ಇರಲಿಲ್ಲ. ಹಾಗಾಗಿ ಎಲ್ಲ ಮರಗಳೂ ಮನುಷ್ಯನ ತಪ್ಪಿನಿಂದಲೇ ಬೀಳುತ್ತವೆ ಎಂದು ನಾನು ಹೇಳುತ್ತಿಲ್ಲ. ಕೆಲವು ಗಾಳಿಗೆ ಯಾವ ಮರವೂ ನಿಲ್ಲುವುದಿಲ್ಲ. ಆದರೆ ಯಾವುದು ಅಂಥ ಗಾಳಿ, ಯಾವುದು ನಮ್ಮ ಕೆಲಸ ಎಂದು ಬೇರ್ಪಡಿಸುವುದಕ್ಕೂ ದಾಖಲೆಯೇ ಬೇಕು. ಗುಲ್‌ಮೊಹರ್ ಕೆಟ್ಟದ್ದು, ಬೇವು ಒಳ್ಳೆಯದು ಎಂಬ ತೀರ್ಪಿಗೂ ಲೆಕ್ಕ ಬೇಕು. ಒಂದು ಬೀದಿಯಲ್ಲಿ ನೂರು ಗುಲ್‌ಮೊಹರ್, ಐದು ಬೇವು ಇದ್ದರೆ ಬೀಳುವ ಮರಗಳಲ್ಲಿ ಗುಲ್‌ಮೊಹರ್‌ಗಳೇ ಹೆಚ್ಚಿರುವುದು ಸಹಜ.

ಹೈದರಾಬಾದಿಗೆ ಈ ‘ಮೊದಲು ಲೆಕ್ಕ, ಆಮೇಲೆ ಪರಿಹಾರ’ ಎಂಬ ವಿಧಾನ ಹೊಸದಲ್ಲ. ಅದನ್ನು ಇಲ್ಲಿಗೆ ತಂದವರಲ್ಲಿ ಪ್ರಮುಖರು ನಮ್ಮ ವಿಶ್ವೇಶ್ವರಯ್ಯನವರೇ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರನ್ನು ನುಂಗಿತು. ಸುಮಾರು 15 ಸಾವಿರ ಜನ ಸತ್ತರೆಂದು ಅಂದಾಜು. ಮರುವರ್ಷ ನಿಜಾಮರ ಆಹ್ವಾನದ ಮೇಲೆ ಬಂದ ವಿಶ್ವೇಶ್ವರಯ್ಯನವರು ಬಂದ ಕೂಡಲೇ ತಡೆಗೋಡೆ ಕಟ್ಟಿಸಲು ಹೊರಡಲಿಲ್ಲ. ಎಲ್ಲಿ ಎಷ್ಟು ಮಳೆಯಾಯಿತು, ನದಿಯಲ್ಲಿ ಎಷ್ಟು ನೀರು ಬಂತು, ಮೇಲಿನ ಪ್ರದೇಶದಲ್ಲಿ ಯಾವ ಕೆರೆಗಳು ಒಡೆದವು ಎಂಬುದನ್ನೆಲ್ಲ ಕೂಡಿಸಿ, ಪ್ರವಾಹದ ಪೋಸ್ಟ್‌ಮಾರ್ಟಂ ಮಾಡಿದರು. ಊರಿನ ಮೇಲ್ಭಾಗದಲ್ಲೇ ನೀರು ತಡೆಯಬೇಕೆಂಬ ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಬಂದವು.

ಆ ಪ್ರವಾಹದ ಇನ್ನೊಂದು ಸಾಕ್ಷಿ ಇನ್ನೂ ಜೀವಂತವಾಗಿದೆ. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆ ಮರ. 1908ರ ಆ ದಿನ ಅದರ ಕೊಂಬೆಗಳನ್ನು ಹಿಡಿದು ಕೂತು ಸುಮಾರು 150 ಜನ ಬದುಕುಳಿದರು. ನದಿ ದಂಡೆಯ ಮನೆಗಳನ್ನು ಕೊಚ್ಚಿಕೊಂಡು ಹೋದ ನೀರಿಗೆ, 150 ಜನರ ಭಾರಕ್ಕೆ ಅಲುಗದೆ ನಿಂತ ಮರ ಅದು. ಪಕ್ಕದಲ್ಲಿ ಫಲಕವೂ ಇದೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಕಾರ್ಯಕ್ರಮಗಳಿಗೆಂದು ಹೋಗುವ ಕನ್ನಡಿಗರು ಒಮ್ಮೆ ಅಫ್ಜಲ್‌ಗಂಜ್‌ವರೆಗೆ ಹೋಗಿ ಅದನ್ನು ನೋಡಿಬರಬೇಕು. ಮರ ಜೀವ ತೆಗೆಯುತ್ತದೆ ಎಂದಷ್ಟೇ ಹೇಳುವವರಿಗೆ ಈ ನಗರದಲ್ಲೇ ಉತ್ತರವಿದೆ.

ಇದಕ್ಕೆ ಬರುವ ಆಕ್ಷೇಪಗಳೂ ನನಗೆ ಗೊತ್ತು. ಮೊದಲನೆಯದು, ‘ನಿಮ್ಮ ದಾಖಲೆ ಮುಗಿಯುವವರೆಗೆ ಇನ್ನೊಂದು ಮರ ಯಾರದೋ ತಲೆ ಮೇಲೆ ಬಿದ್ದರೆ?’ ನ್ಯಾಯವಾದ ಪ್ರಶ್ನೆ. ಟೊಳ್ಳಾದ, ಬುಡದಲ್ಲಿ ಅಣಬೆ ಎದ್ದ, ಹೊಸದಾಗಿ ವಾಲುತ್ತಿರುವ, ಬುಡದ ಮಣ್ಣು ಬಿರುಕು ಬಿಟ್ಟ ಮರವನ್ನು ತಜ್ಞರಿಗೆ ತೋರಿಸಿ ಕೂಡಲೇ ತೆಗೆಯಲಿ, ಅದಕ್ಕೆ ನಾನೇ ಮೊದಲು ಸಹಿ ಹಾಕುತ್ತೇನೆ. ಆದರೆ ಸಾಲು ಸಾಲಾಗಿ ಎಲ್ಲವನ್ನೂ ಕಡಿಯುವುದರಿಂದ ಉಳಿದ ಮರಗಳ ಅಪಾಯ ಹೆಚ್ಚುತ್ತದೆ. ಗುಂಪಿನಲ್ಲಿ ಬೆಳೆದ ಮರಗಳು ಒಂದಕ್ಕೊಂದು ಗಾಳಿ ಮರೆಯಾಗಿರುತ್ತವೆ. ಅರ್ಧ ಗುಂಪು ಕಡಿದರೆ ಅಂದಿನವರೆಗೆ ನೇರ ಗಾಳಿ ಕಾಣದಿದ್ದ ಮರ ಒಮ್ಮೆಲೇ ಅದಕ್ಕೆ ಎದೆಯೊಡ್ಡಬೇಕಾಗುತ್ತದೆ. ‘ಅಪಾಯ ಬೇಡ’ ಎಂದು ನೆತ್ತಿ ಬೋಳಿಸಿದರೂ ಅಷ್ಟೇ. ಬೋಳಿಸಿದ ತುದಿಯಿಂದ ಪುಸುಪುಸು ಎದ್ದುಬರುವ ಚಿಗುರು ಕೊಂಬೆಗಳು ತೊಗಟೆಗೆ ಅಂಟಿಕೊಂಡಿರುತ್ತವೆಯೇ ಹೊರತು ಮರದ ಒಳಗೆ ಗಟ್ಟಿಯಾಗಿ ಕೂತಿರುವುದಿಲ್ಲ. ಮೂರು ನಾಲ್ಕು ವರ್ಷದಲ್ಲಿ ಅವೇ ಮುರಿದು ಬೀಳುತ್ತವೆ.

ಎರಡನೆಯದು, ‘ಪಾಲಿಕೆಗೆ ಇಷ್ಟೆಲ್ಲ ಮಾಡಲು ಜನ ಎಲ್ಲಿದ್ದಾರೆ?’ ನಾನು ಕೇಳುತ್ತಿರುವುದು ಹೊಸ ಇಲಾಖೆಯನ್ನಲ್ಲ, ಒಂದು ಪುಟದ ಫಾರಂ. ಮರದ ಜಾತಿ, ಎದೆಮಟ್ಟದಲ್ಲಿ ಸುತ್ತಳತೆ. ಬುಡಸಮೇತ ಬಿತ್ತೋ, ಕಾಂಡ ಮುರಿಯಿತೋ, ಕೊಂಬೆ ಮಾತ್ರವೋ. ಬೇರಿನಲ್ಲಿ ಹಳೆಯ ಕಡಿತ ಇದೆಯೋ. ಬುಡದಿಂದ ಕಾಂಕ್ರೀಟಿಗೆ, ಚರಂಡಿಗೆ ಎಷ್ಟು ದೂರ. ಟೊಳ್ಳು, ಗೆದ್ದಲು, ಅಣಬೆ ಕಂಡಿತೋ. ಒಂದೇ ಕಡೆ ಕೊಂಬೆ ಕಡಿದಿದ್ದರೋ. ನಾಲ್ಕು ಫೋಟೊ, ಸ್ಥಳದ ನಕ್ಷೆ ಗುರುತು. ತೆರವು ಮಾಡುವ ತಂಡ ಗರಗಸ ಚಾಲೂ ಮಾಡುವ ಮೊದಲು ಇದನ್ನು ತುಂಬಬಹುದು. ಎರಡು ಬೇಸಿಗೆಯ ದಾಖಲೆ ಸೇರಿದರೆ ಯಾವ ಬೀದಿಯಲ್ಲಿ, ಯಾವ ಅಗೆತದ ನಂತರ, ಎಷ್ಟು ತಿಂಗಳಿಗೆ ಮರ ಬೀಳುತ್ತಿದೆ ಎಂಬ ಚಿತ್ರ ತಾನೇ ಮೂಡುತ್ತದೆ. ಆಗ ಕೇಬಲ್ ಹಾಕಲು ಅನುಮತಿ ಕೊಡುವಾಗಲೇ ‘ಮರದಿಂದ ಇಷ್ಟು ದೂರ’ ಎಂದು ಷರತ್ತು ಹಾಕಲು ಆಧಾರ ಸಿಗುತ್ತದೆ. ಈಗ ಗುತ್ತಿಗೆದಾರ ಬೇರು ಕಡಿದು ಬಿಲ್ ಪಡೆದು ಹೋಗಿರುತ್ತಾನೆ, ಮರ ವರ್ಷದ ನಂತರ ಬೀಳುತ್ತದೆ, ಆರೋಪ ಗಾಳಿಯ ಮೇಲೆ.

2020ರ ಸಾಲಿಗೆ ‘ಟ್ರೀ ಸಿಟೀಸ್ ಆಫ್ ದಿ ವರ್ಲ್ಡ್’ ಎಂಬ ಅಂತರರಾಷ್ಟ್ರೀಯ ಮನ್ನಣೆ ಭಾರತದಲ್ಲಿ ಸಿಕ್ಕಿದ್ದು ಹೈದರಾಬಾದಿಗೆ ಮಾತ್ರ. 2015ರಲ್ಲಿ ಶುರುವಾದ ಹರಿತ ಹಾರಂ ಯೋಜನೆಯಲ್ಲಿ ನೆಟ್ಟ ಸಸಿಗಳಿಗೆ ಆ ಶ್ರೇಯಸ್ಸು ಸಲ್ಲಬೇಕು. ಆದರೆ ಆ ಮನ್ನಣೆಯ ಐದು ಮಾನದಂಡಗಳಲ್ಲಿ ‘ನಿಮ್ಮಲ್ಲಿ ಯಾವ ಮರಗಳಿವೆ ಎಂದು ತಿಳಿದಿರಿ’ ಎಂಬುದೂ ಒಂದು. ನೆಟ್ಟದ್ದರ ಲೆಕ್ಕ ನಮ್ಮಲ್ಲಿ ಯಾವಾಗಲೂ ಸಿಗುತ್ತದೆ, ಅದಕ್ಕೆ ಫೋಟೊ ಇರುತ್ತದೆ, ಸಚಿವರಿರುತ್ತಾರೆ. ಬಿದ್ದದ್ದರ ಲೆಕ್ಕಕ್ಕೆ ಯಾರೂ ಇರುವುದಿಲ್ಲ.

ಇದು ಹೈದರಾಬಾದಿನ ದೂರಷ್ಟೇ ಅಲ್ಲ. ನಮ್ಮ ಬೆಂಗಳೂರಿನ ಕಥೆಯೂ ಇದೇ. 2024ರ ಜೂನ್ 2ರಂದು ಜೂನ್ ತಿಂಗಳ ಶತಮಾನದ ದಾಖಲೆ ಮುರಿದ ಮಳೆಗೆ ಅಲ್ಲಿ ನೂರಾರು ಮರಗಳು ಉರುಳಿದವು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1980ರ ದಶಕದಲ್ಲಿ ಮುತುವರ್ಜಿಯಿಂದ ನೆಡಿಸಿದ ಸುಮಾರು 15 ಲಕ್ಷ ಸಸಿಗಳಲ್ಲಿ ಉಳಿದವು ಈಗ ನಲವತ್ತು ದಾಟಿದ ದೊಡ್ಡ ಮರಗಳು. ಅವರು ನೆಡಿಸಿದಾಗ ಇದ್ದ ಮಣ್ಣಿನ ಫುಟ್‌ಪಾತ್ ಈಗ ಕಲ್ಲುಹಾಸು. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರಗಣತಿ ವೃಕ್ಷ ಪ್ರಾಧಿಕಾರದ ಕರ್ತವ್ಯ ಎಂದು ಬರೆದು ಅರ್ಧ ಶತಮಾನವಾಯಿತು. ಗಣತಿಯ ಜೊತೆ ಬಿದ್ದ ಮರದ ಪುಟವೊಂದನ್ನು ಸೇರಿಸಿದರೆ ಯಾವ ತಿದ್ದುಪಡಿಯೂ ಬೇಕಿಲ್ಲ.

ಹೊರನಾಡಿನಲ್ಲಿರುವ ನಾವು ಯಾವ ಊರಲ್ಲಿದ್ದರೂ ಬಾಡಿಗೆದಾರರ ಮನೋಭಾವದಲ್ಲಿರುತ್ತೇವೆ. ಪಾರ್ಕಿನ ಮರಕ್ಕೂ ನಮಗೂ ಏನು, ಇನ್ನೆರಡು ವರ್ಷಕ್ಕೆ ಬೇರೆ ಕಂಪನಿ, ಬೇರೆ ಊರು ಎಂದುಕೊಳ್ಳುತ್ತೇವೆ. ಆದರೆ ನಮ್ಮ ಮಕ್ಕಳು ಆಡುವುದು ಈ ಮರಗಳ ಕೆಳಗೇ, ಬೀಳುವುದಾದರೆ ಇವು ಬೀಳುವುದು ನಮ್ಮ ಗಾಡಿಗಳ ಮೇಲೇ. ನಿವಾಸಿಗಳ ಸಂಘದಲ್ಲಿ ಎದ್ದು ನಿಂತು ‘ಕಡಿಯುವ ಮೊದಲು ನೋಡೋಣ’ ಎನ್ನಲು ಆ ಊರಿನ ವೋಟರ್ ಐಡಿ ಬೇಕಿಲ್ಲ. ನಮ್ಮ ಹನ್ನೊಂದು ಮರಗಳಿಗೆ ನಾವು ಕೆಲವರು ಸೇರಿ ಆ ಒಂದು ಪುಟದ ಫಾರಂ ತುಂಬಿದ್ದೇವೆ. ಎರಡು ಮರಗಳ ಸ್ಥಿತಿ ಅನುಮಾನವಾಗಿದೆ, ಅವನ್ನು ತಜ್ಞರಿಗೆ ತೋರಿಸಿ ಎಂದು ಬರೆದುಕೊಟ್ಟಿದ್ದೇವೆ. ಒಂಬತ್ತರ ಬುಡದ ಟೈಲ್ಸ್ ಒಂದು ಮೀಟರ್ ತೆಗೆಸಿ ಎಂದು ಕೇಳಿದ್ದೇವೆ. ಸಹಿ ಹಾಕಿದವರಲ್ಲಿ ಕಾರು ಜಖಂ ಆದವರೂ ಇದ್ದಾರೆ.

ಮುಂದಿನ ಭರಣಿ ಮಳೆಗೆ ಇನ್ನೂ ಸಮಯವಿದೆ. ನಿಮ್ಮ ಬೀದಿಯಲ್ಲೂ ಅಷ್ಟರೊಳಗೆ ಯಾರಾದರೂ ಮರದ ಪಕ್ಕ ಅಗೆಯಲು ಬರುತ್ತಾರೆ. ಬಂದಾಗ ಎರಡು ನಿಮಿಷ ನಿಂತು, ಬೇರು ಬಿಟ್ಟು ಅಗೆಯಲು ಹೇಳಿ. ಕೇಳದಿದ್ದರೆ ಕಡಿದ ಬೇರಿನ ಒಂದು ಫೋಟೊ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳಿ. ಮರ ಬಿದ್ದ ದಿನ ಗಾಳಿಯ ಪರವಾಗಿ ಸಾಕ್ಷಿ ಹೇಳಲು ಅದು ಬೇಕಾಗುತ್ತದೆ.